ನಾಳೆಗೂ ಕಾಲು ಉಳಿಸಿಕೊಳ್ಳಿ: ಸಹಾಯಾರ್ಥ ಸೈಕಲ್ ಸವಾರಿಯ ಒಂದು ದಿನ, ಬೆಳಗಿನಿಂದ ರಾತ್ರಿಯವರೆಗೆ

ಐದು ದಿನದ ಸವಾರಿಯಲ್ಲಿ ಯಾವ ದಿನ ಅತಿ ಕಷ್ಟ ಎಂದು ಕೇಳಿದರೆ ನಾನು ಮೂರನೇ ದಿನ ಎನ್ನುತ್ತೇನೆ. ಮೊದಲ ದಿನ ಹುರುಪು ಇರುತ್ತದೆ. ಎರಡನೇ ದಿನ ಆ ಹುರುಪಿನಲ್ಲಿ ಒಂದಿಷ್ಟು ಉಳಿದಿರುತ್ತದೆ. ಮೂರನೇ ದಿನ ಬೆಳಿಗ್ಗೆ ಎದ್ದಾಗ ತೊಡೆ ಬಿಗಿದಿರುತ್ತದೆ, ಕೂರುವ ಜಾಗ ಉರಿಯುತ್ತದೆ, ಬೆರಳು ಜೋಮು ಹಿಡಿದಿರುತ್ತದೆ. ಮುಂದೆ ಇನ್ನೂ 110 ಕಿ.ಮೀ. ಇರುತ್ತದೆ. ಅದಕ್ಕೇ ಇಲ್ಲಿ ಆ ಮೂರನೇ ದಿನವನ್ನೇ ತೆಗೆದುಕೊಂಡು, ಏನು ಮಾಡಬೇಕು, ಯಾವಾಗ ಮಾಡಬೇಕು, ಯಾಕೆ ಮಾಡಬೇಕು ಎಂದು ಹೇಳುತ್ತಾ ಹೋಗುತ್ತೇನೆ.

ದೇಣಿಗೆಗಾಗಿ ಗುಂಪಾಗಿ ಸೈಕಲ್ ತುಳಿಯುವುದು ಹೊಸದೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕ್ಯಾನ್ಸರ್ ಸಂಶೋಧನೆಗಾಗಿ ನಡೆಯುವ ಪ್ಯಾನ್-ಮಾಸ್ ಚಾಲೆಂಜ್ 1980ರಲ್ಲಿ 36 ಜನರಿಂದ ಶುರುವಾಯಿತು. ಈಗ ಅದರಲ್ಲಿ ಸಾವಿರಾರು ಜನ ತುಳಿಯುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲೀಸ್‌ವರೆಗಿನ ಏಡ್ಸ್ ಲೈಫ್‌ಸೈಕಲ್ ಸವಾರಿ 2002ರಿಂದ 2025ರವರೆಗೆ ನಡೆಯಿತು. 7 ದಿನ, 545 ಮೈಲಿ, ಅಂದರೆ ಸುಮಾರು 877 ಕಿ.ಮೀ. ಇಂಥ ಸವಾರಿಗಳಿಗೆ ಬರುವವರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋಗುವ, ಮನೆ ನೋಡಿಕೊಳ್ಳುವ ಸಾಮಾನ್ಯ ಜನ. ನೀವೂ ಹಾಗೇ ಆಗಿದ್ದರೆ ಈ ಲೇಖನ ನಿಮಗಾಗಿಯೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಾತು ನಂಬಿ ಯಾರೋ ದುಡ್ಡು ಕೊಟ್ಟಿದ್ದಾರೆ. ಅವರು ನಿಮ್ಮ ವೇಗ ನೋಡಿ ಕೊಟ್ಟಿಲ್ಲ. ಹಾಗಾಗಿ ದಿನದಲ್ಲಿ ಯಾವುದೇ ತೀರ್ಮಾನ ಮಾಡಬೇಕಾದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಹೀಗೆ ಮಾಡಿದರೆ ನಾಳೆ ಬೆಳಿಗ್ಗೆ ನಾನು, ನನ್ನ ಜೊತೆಯವರು ಮತ್ತೆ ಸೈಕಲ್ ಹತ್ತಲು ಆಗುತ್ತದಾ?

ಹಿಂದಿನ ರಾತ್ರಿಯ ಅರ್ಧ ಗಂಟೆ

ಬೆಳಿಗ್ಗೆ ಕತ್ತಲಲ್ಲಿ ಸಾಕ್ಸ್ ಹುಡುಕುವ ಗಡಿಬಿಡಿ ಬೇಡ. ಬಟ್ಟೆ, ಹೆಲ್ಮೆಟ್, ಗ್ಲೌಸ್, ಕನ್ನಡಕ, ಶೂ ಎಲ್ಲ ಒಂದೇ ಕಡೆ ಜೋಡಿಸಿಡಿ. ಲೈಟು, ಫೋನು ಚಾರ್ಜಿಗೆ ಹಾಕಿ.

ಆಮೇಲೆ ಎರಡು ಚೀಟಿ ಬರೆಯಿರಿ. ಮೊದಲನೆಯದು ದಾರಿಯದು: ಎಷ್ಟನೇ ಕಿಲೋಮೀಟರಿಗೆ ನಿಲುಗಡೆ, ಎಲ್ಲಿ ದೊಡ್ಡ ಏರು, ಎಲ್ಲಿ ಹೆದ್ದಾರಿ ದಾಟಬೇಕು. ಇದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹ್ಯಾಂಡಲ್ ಹತ್ತಿರ ಟೇಪಿನಿಂದ ಅಂಟಿಸಿ. ಫೋನಿನ ಚಾರ್ಜು ಮಧ್ಯಾಹ್ನವೇ ಖಾಲಿಯಾಗಬಹುದು, ಚೀಟಿಗೆ ಆ ತೊಂದರೆ ಇಲ್ಲ. ಎರಡನೆಯದು ನಿಮ್ಮದು: ಹೆಸರು, ರಕ್ತದ ಗುಂಪು, ಯಾವುದಾದರೂ ಅಲರ್ಜಿ, ದಿನವೂ ತೆಗೆದುಕೊಳ್ಳುವ ಮಾತ್ರೆ, ಮನೆಯವರ ನಂಬರು. ಅದು ಜರ್ಸಿಯ ಜೇಬಿನಲ್ಲಿರಲಿ. ನೀವು ಮಾತನಾಡಲಾಗದ ಸ್ಥಿತಿಯಲ್ಲಿದ್ದಾಗ ಆ ಚೀಟಿಯೇ ಮಾತನಾಡಬೇಕು.

ಎಂಟು ಗಂಟೆ ನಿದ್ದೆ ಆದರೆ ಒಳ್ಳೆಯದು. ಹೊಸ ಜಾಗದಲ್ಲಿ ನಿದ್ದೆ ಬರದಿದ್ದರೂ ದೀಪ ಆರಿಸಿ ಮಲಗಿಕೊಳ್ಳಿ. ಸುಮ್ನೆ ಮಲಗಿದರೂ ಕಾಲಿಗೆ ವಿಶ್ರಾಂತಿ ಸಿಗುತ್ತದೆ.

ಎದ್ದ ಮೇಲೆ: ಹೊಟ್ಟೆ, ಚರ್ಮ, ಸೈಕಲ್

ಹೊರಡುವುದಕ್ಕೆ ಎರಡು ಗಂಟೆ ಮೊದಲು ಏಳಿ. ಏಳುತ್ತಲೇ ಒಂದು ದೊಡ್ಡ ಲೋಟ ನೀರು ಕುಡಿಯಿರಿ. ತಿಂಡಿಯನ್ನು ಹೊರಡುವ ಒಂದೂವರೆ ಗಂಟೆ ಮೊದಲೇ ಮುಗಿಸಿ. ಎಣ್ಣೆ, ಖಾರ, ನಾರು ಕಡಿಮೆ ಇರುವ, ನಿಮ್ಮ ಹೊಟ್ಟೆಗೆ ಚೆನ್ನಾಗಿ ಗೊತ್ತಿರುವ ತಿಂಡಿಯೇ ಸಾಕು. ಸವಾರಿಯ ದಿನ ಹೊಸದೇನನ್ನೂ ಪರೀಕ್ಷೆ ಮಾಡಬೇಡಿ. ಹೊಸ ತಿನಿಸು, ಹೊಸ ಶೂ, ಹೊಸ ಸೀಟು ಯಾವುದೂ ಬೇಡ.

ಪ್ಯಾಡ್ ಇರುವ ಸೈಕ್ಲಿಂಗ್ ಶಾರ್ಟ್ಸ್ ಒಳಗೆ ಒಳಉಡುಪು ಹಾಕಬೇಡಿ. ಅದರ ಹೊಲಿಗೆಯೇ ಚರ್ಮ ಉಜ್ಜಿ ಗಾಯ ಮಾಡುತ್ತದೆ. ಇದನ್ನು ಮೊದಲ ಸಲ ಕೇಳಿದವರು ಸಂಕೋಚಪಡುತ್ತಾರೆ. ಆದರೆ ಮೂರನೇ ದಿನ ತುಳಿಯುವುದು ಬಿಟ್ಟು, ತಂಡದ ಜೊತೆ ಬರುವ ಸಪೋರ್ಟ್ ಗಾಡಿ ಹತ್ತಿ ಕೂತವರಲ್ಲಿ ಕಾಲು ಸೋತವರಿಗಿಂತ ಚರ್ಮ ಕಿತ್ತುಹೋದವರನ್ನೇ ನಾನು ಜಾಸ್ತಿ ನೋಡಿದ್ದೇನೆ. ತೊಡೆಸಂದಿಗೆ, ಕೂರುವ ಮೂಳೆ ಒತ್ತುವ ಜಾಗಕ್ಕೆ ಪೆಟ್ರೋಲಿಯಂ ಜೆಲ್ಲಿಯನ್ನೋ ಸೈಕ್ಲಿಂಗ್ ಕ್ರೀಮನ್ನೋ ಧಾರಾಳವಾಗಿ ಹಚ್ಚಿ. ಮುಖ, ಕತ್ತಿನ ಹಿಂಭಾಗ, ಮೊಣಕಾಲಿನ ಮೇಲ್ಭಾಗಕ್ಕೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ.

ಈಗ ಸೈಕಲ್. ಐದು ನಿಮಿಷ ಸಾಕು, ಆದರೆ ದಿನವೂ ಮಾಡಬೇಕು.

ಗಾಳಿ ನೋಡಿ. ಎಷ್ಟು ಹಾಕಬಹುದು ಎಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. 28 ಮಿ.ಮೀ. ಅಗಲದ ರೋಡ್ ಟೈರಿಗೆ ಸಾಮಾನ್ಯವಾಗಿ 70ರಿಂದ 85 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸರಿಹೋಗುತ್ತದೆ. ಟೈರ್ ಅಗಲವಾದಷ್ಟೂ ಗಾಳಿ ಕಡಿಮೆ ಸಾಕು, ಸವಾರರ ತೂಕ ಹೆಚ್ಚಾದಷ್ಟೂ ಸ್ವಲ್ಪ ಜಾಸ್ತಿ ಬೇಕು. ಟೈರನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಗಾಜಿನ ಚೂರು, ಮುಳ್ಳು ಕಚ್ಚಿಕೊಂಡಿದ್ದರೆ ಕೀಳಿ. ನಿನ್ನೆ ಸಿಕ್ಕಿದ ಚೂರು ಇವತ್ತು ಟ್ಯೂಬ್ ಮುಟ್ಟಬಹುದು.

ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ಸೈಕಲನ್ನು ಮುಂದೆ ಹಿಂದೆ ತಳ್ಳಿ. ಲಿವರ್ ಹ್ಯಾಂಡಲಿಗೆ ತಾಗುವಷ್ಟು ಒಳಗೆ ಬಂದರೆ ಹೊರಡುವ ಮೊದಲೇ ಮೆಕ್ಯಾನಿಕ್‌ಗೆ ತೋರಿಸಿ. ಚೈನನ್ನು ಒಣಬಟ್ಟೆಯಲ್ಲಿ ಒರೆಸಿ, ಎಣ್ಣೆ ಬಿಟ್ಟು, ಹೆಚ್ಚಾದ ಎಣ್ಣೆಯನ್ನು ಮತ್ತೆ ಒರೆಸಿ. ಚಕ್ರಗಳು ಭದ್ರವಾಗಿ ಕೂತಿವೆಯೇ ನೋಡಿ. ಕೊನೆಗೆ ಸೈಕಲನ್ನು ನಾಲ್ಕು ಬೆರಳಿನಷ್ಟು ಎತ್ತಿ ನೆಲಕ್ಕೆ ಬಿಡಿ. ಗಡಗಡ ಸದ್ದು ಬಂದರೆ ಏನೋ ಸಡಿಲ ಇದೆ ಎಂದರ್ಥ. ಅದನ್ನು ಹುಡುಕದೆ ಹೊರಡಬೇಡಿ.

ಹೊರಡುವ ಮೊದಲಿನ ಮಾತು

ಆಯೋಜಕರು ಬೆಳಿಗ್ಗೆ ಹತ್ತು ನಿಮಿಷ ದಾರಿಯ ಬಗ್ಗೆ ಮಾತನಾಡುತ್ತಾರೆ. ಆಗ ಫೋಟೋ ತೆಗೆಯುತ್ತಾ ನಿಲ್ಲಬೇಡಿ. ಮೂರು ಸಂಗತಿ ಕೇಳಿಸಿಕೊಳ್ಳಿ. ಮುಂದೆ ದಾರಿ ತೋರಿಸುವವರು ಯಾರು? ಎಲ್ಲರಿಗಿಂತ ಹಿಂದೆ ಬರುವ ಸ್ವೀಪ್ ಯಾರು? ಸಪೋರ್ಟ್ ಗಾಡಿಯ ನಂಬರು ಏನು? ನಿಯಮ ಸರಳ: ದಾರಿ ತೋರಿಸುವವರನ್ನು ದಾಟಬೇಡಿ, ಸ್ವೀಪ್‌ಗಿಂತ ಹಿಂದೆ ಬೀಳಬೇಡಿ. ಬೇರೆ ದಾರಿ ಹಿಡಿಯುವುದಾದರೆ, ಗಾಡಿ ಹತ್ತುವುದಾದರೆ ಸ್ವೀಪ್‌ಗೆ ಹೇಳದೆ ಹೋಗಬೇಡಿ. ಒಬ್ಬರು ಹೇಳದೆ ರೂಮಿಗೆ ಹೋಗಿ ಮಲಗಿದರೆ ಇನ್ನು ಹತ್ತು ಜನ ಕತ್ತಲಾಗುವವರೆಗೆ ರಸ್ತೆಬದಿಯ ಹಳ್ಳ ಹುಡುಕುತ್ತಾರೆ.

ದೊಡ್ಡ ತಂಡ ಇದ್ದರೆ ಎಂಟು-ಹತ್ತು ಜನರ ಸಣ್ಣ ಗುಂಪುಗಳಾಗಿ, ನಡುವೆ ಸಾಕಷ್ಟು ಅಂತರ ಬಿಟ್ಟು ಹೊರಡಿ. ಹಿಂದಿನ ವಾಹನಗಳಿಗೆ ದಾಟಲು ಜಾಗ ಸಿಗುತ್ತದೆ. ನಲವತ್ತು ಸೈಕಲ್ಲಿನ ಒಂದೇ ಸಾಲನ್ನು ದಾಟಲು ಹೊರಟ ಚಾಲಕ ಅರ್ಧದಲ್ಲಿ ಎದುರಿನ ವಾಹನ ಕಂಡರೆ ನಿಮ್ಮ ಮೇಲೇ ಸರಿಯುತ್ತಾನೆ.

ಮೊದಲ ಒಂದು ಗಂಟೆ

ಈ ಗಂಟೆಯಲ್ಲಿ ಮಾಡುವ ತಪ್ಪು ಮಧ್ಯಾಹ್ನದ ಹೊತ್ತಿಗೆ ಗೊತ್ತಾಗುತ್ತದೆ. ಬೆಳಗಿನ ತಂಪು, ಸಮ ರಸ್ತೆ, ಸುತ್ತ ಹುಮ್ಮಸ್ಸಿನ ಮಂದಿ. ಕಾಲು ತಾನಾಗಿ ಜೋರಾಗಿ ತುಳಿಯುತ್ತದೆ. ತಡೆಯಿರಿ.

ಅಳೆಯಲು ಸುಲಭದ ದಾರಿ ಮಾತು. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗಬೇಕು. ಎರಡು ಪದಕ್ಕೊಮ್ಮೆ ಉಸಿರು ತೆಗೆಯುತ್ತಿದ್ದರೆ ವೇಗ ಜಾಸ್ತಿಯಾಯಿತು. ಮೊದಲ 15 ನಿಮಿಷ ಹಗುರ ಗೇರಿನಲ್ಲೇ ಇರಿ. ಪೆಡಲ್ ನಿಮಿಷಕ್ಕೆ 80ರಿಂದ 90 ಸುತ್ತು ತಿರುಗಲಿ. ಭಾರದ ಗೇರು ಹಾಕಿ ನಿಧಾನ ತುಳಿದರೆ ಮೊಣಕಾಲಿನ ಮೇಲೆ ಹೊರೆ ಬೀಳುತ್ತದೆ, ಸ್ನಾಯು ಬೇಗ ದಣಿಯುತ್ತದೆ.

ಲೆಕ್ಕ ಹಾಕಿ ನೋಡಿ. ಗಂಟೆಗೆ 20 ಕಿ.ಮೀ. ಹೋದರೂ 110 ಕಿ.ಮೀ.ಗೆ ಐದೂವರೆ ಗಂಟೆ. ನಿಲುಗಡೆ, ಪಂಕ್ಚರ್, ಸಿಗ್ನಲ್ ಎಲ್ಲ ಸೇರಿಸಿದರೆ ಏಳೂವರೆ ಗಂಟೆ. ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನ ಒಂದೂವರೆಗೆ ತಲುಪುತ್ತೀರಿ. ಅವಸರಕ್ಕೆ ಕಾರಣವೇ ಇಲ್ಲ.

ಗುಂಪಿನಲ್ಲಿ ತುಳಿಯುವುದು

ಒಬ್ಬರೇ ತುಳಿದು ಅಭ್ಯಾಸ ಇರುವವರಿಗೆ ಇದೇ ಹೊಸ ವಿದ್ಯೆ. ದಿನದಲ್ಲಿ ಅತಿ ಹೆಚ್ಚು ಲಾಭ ಕೊಡುವುದೂ ಇದೇ, ಅತಿ ಹೆಚ್ಚು ಅಪಾಯ ತರುವುದೂ ಇದೇ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸಮ ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ದಾಟಿದ ಮೇಲೆ ನಿಮ್ಮ ಶಕ್ತಿಯಲ್ಲಿ ದೊಡ್ಡ ಪಾಲು ಗಾಳಿ ಸೀಳುವುದಕ್ಕೇ ಹೋಗುತ್ತದೆ. ಗಾಳಿಯನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಅಂದರೆ ವೇಗ ಎರಡರಷ್ಟಾದರೆ ಗಾಳಿಗೆ ಸುರಿಯುವ ಶಕ್ತಿ ಎಂಟರಷ್ಟಾಗುತ್ತದೆ. ಇನ್ನೊಬ್ಬರ ಬೆನ್ನ ಹಿಂದೆ ಹತ್ತಿರದಲ್ಲಿದ್ದರೆ ಆ ಗಾಳಿಯನ್ನು ಅವರು ಸೀಳಿಕೊಡುತ್ತಾರೆ. ನಿಮಗೆ ಸುಮಾರು ಕಾಲು ಭಾಗ ಶ್ರಮ ಉಳಿಯುತ್ತದೆ. ಎದುರು ಗಾಳಿಯ ದಿನ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ.

ಎಷ್ಟು ಹತ್ತಿರ ಇರಬೇಕು? ರೇಸಿನವರು ಒಂದು ಗೇಣು ಬಿಟ್ಟು ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಜೊತೆಯವರ ಅಭ್ಯಾಸ ಗೊತ್ತಿಲ್ಲದ ಗುಂಪಿನಲ್ಲಿ ಕನಿಷ್ಠ ಒಂದು ಮೀಟರ್ ಬಿಡಿ. ದಣಿವಾದಾಗ, ರಸ್ತೆ ಒದ್ದೆ ಇದ್ದಾಗ ಇನ್ನೂ ಜಾಸ್ತಿ ಬಿಡಿ. ಲಾಭ ಸ್ವಲ್ಪ ಕಡಿಮೆಯಾಗುತ್ತದೆ, ಹಲ್ಲು ಉಳಿಯುತ್ತದೆ.

ನಿಮ್ಮ ಮುಂದಿನ ಚಕ್ರ, ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ಯಾವತ್ತೂ ಹೋಗಬಾರದು. ಗುಂಪು ಸವಾರಿಯಲ್ಲಿ ಒಂದೇ ನಿಯಮ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಅವರು ಗುಂಡಿ ತಪ್ಪಿಸಲು ಸ್ವಲ್ಪ ಸರಿದರೂ ಎರಡು ಚಕ್ರ ತಾಗುತ್ತವೆ. ಹಾಗೆ ತಾಗಿದಾಗ ಬೀಳುವವರು ಸಾಮಾನ್ಯವಾಗಿ ಹಿಂದಿನವರೇ. ಅವರ ಹಿಂದಿನವರೆಲ್ಲ ಅವರ ಮೇಲೆ ಬೀಳುತ್ತಾರೆ.

ಕಣ್ಣನ್ನು ಮುಂದಿನ ಚಕ್ರಕ್ಕೆ ಅಂಟಿಸಬೇಡಿ. ಅವರ ಭುಜದ ಆಚೆ, ಇನ್ನೂ ಎರಡು-ಮೂರು ಸವಾರರ ಆಚೆ ರಸ್ತೆ ನೋಡುತ್ತಿರಿ. ಚಕ್ರ ಕಣ್ಣಂಚಿನಲ್ಲಿ ತಾನಾಗಿ ಕಾಣುತ್ತದೆ. ಅಂತರ ಕಡಿಮೆಯಾದರೆ ಗಕ್ಕನೆ ಬ್ರೇಕ್ ಹಿಡಿಯಬೇಡಿ. ಮೊದಲು ತುಳಿಯುವುದು ನಿಲ್ಲಿಸಿ, ಬೆನ್ನು ಸ್ವಲ್ಪ ನೆಟ್ಟಗೆ ಮಾಡಿ ಎದೆಗೆ ಗಾಳಿ ತಾಗಲು ಬಿಡಿ. ವೇಗ ತಾನಾಗಿ ಇಳಿಯುತ್ತದೆ.

ಮುಂದೆ ಇರುವವರು ಕಂಡದ್ದನ್ನು ಹಿಂದಿನವರಿಗೆ ದಾಟಿಸಬೇಕು. ಗುಂಡಿ ಇದ್ದರೆ ಆ ಕಡೆಯ ಕೈ ಕೆಳಗೆ ಮಾಡಿ ತೋರಿಸಿ, "ಗುಂಡಿ" ಎಂದು ಕೂಗಿ. ನಿಲ್ಲುವುದಾದರೆ ಅಂಗೈ ಹಿಂದಕ್ಕೆ ತೋರಿಸಿ "ನಿಧಾನ" ಎನ್ನಿ. ಹಿಂದಿನಿಂದ ಲಾರಿ ಬಂದರೆ ಕೊನೆಯವರು "ಗಾಡಿ" ಎಂದು ಕೂಗುತ್ತಾರೆ, ಆ ಮಾತು ಮುಂದಿನವರೆಗೂ ಹೋಗಬೇಕು. ಕೈ ತೆಗೆಯಲು ಆಗದಷ್ಟು ರಸ್ತೆ ಕೆಟ್ಟಿದ್ದರೆ ಬಾಯಲ್ಲಿ ಹೇಳಿದರೆ ಸಾಕು, ಹ್ಯಾಂಡಲ್ ಬಿಡಬೇಡಿ. ಒಂದು ಮಾತನ್ನು ಮಾತ್ರ ಕೂಗಬೇಡಿ: "ಬನ್ನಿ, ರಸ್ತೆ ಖಾಲಿ ಇದೆ." ನೀವು ದಾಟುವಾಗ ಖಾಲಿ ಇದ್ದ ರಸ್ತೆ ಐದನೆಯವರು ಬರುವಷ್ಟರಲ್ಲಿ ಖಾಲಿ ಇರುವುದಿಲ್ಲ. ಅಡ್ಡರಸ್ತೆಯಲ್ಲಿ ಪ್ರತಿಯೊಬ್ಬರೂ ತಮ್ಮ ಕಣ್ಣಿನಿಂದಲೇ ನೋಡಿ ದಾಟಬೇಕು.

ಮುಂದೆ ನಿಂತು ಗಾಳಿ ಸೀಳುವ ಸರದಿ ಎಲ್ಲರಿಗೂ ಬರುತ್ತದೆ. ಎರಡರಿಂದ ಐದು ನಿಮಿಷ ಸಾಕು. ಹೊಸದಾಗಿ ಮುಂದೆ ಬಂದವರು ಗೊತ್ತಿಲ್ಲದೇ ವೇಗ ಏರಿಸುತ್ತಾರೆ. ಹಿಂದೆ ಇದ್ದಾಗ ಉಳಿದ ಶಕ್ತಿ ಕಾಲಲ್ಲಿ ಕುಣಿಯುತ್ತಿರುತ್ತದೆ, ಅಲ್ವಾ? ಆದರೆ ಆ ಎರಡು ಕಿ.ಮೀ. ಜಾಸ್ತಿ ವೇಗಕ್ಕೆ ಗುಂಪಿನ ಕೊನೆಯವರು ಉಸಿರು ಕಟ್ಟಿ ತುಳಿಯಬೇಕಾಗುತ್ತದೆ. ಮೀಟರ್ ನೋಡಿ, ನಿಮಗಿಂತ ಮೊದಲು ಮುಂದೆ ಇದ್ದವರು ಹೋಗುತ್ತಿದ್ದ ವೇಗವನ್ನೇ ಹಿಡಿಯಿರಿ. ಸರದಿ ಮುಗಿದ ಮೇಲೆ ಹಿಂದೆ ತಿರುಗಿ ನೋಡಿ, ಸನ್ನೆ ಮಾಡಿ, ಪಕ್ಕಕ್ಕೆ ಸರಿದು, ಹಗುರವಾಗಿ ತುಳಿಯುತ್ತಾ ಸಾಲಿನ ಕೊನೆ ಸೇರಿಕೊಳ್ಳಿ. ಶಕ್ತಿ ಇಲ್ಲದಿದ್ದರೆ ಮುಂದೆ ಬಂದ ತಕ್ಷಣವೇ ಸರಿದುಬಿಡಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಏರಿನಲ್ಲಿ ಸೀಟಿನಿಂದ ಎದ್ದು ತುಳಿಯುವಾಗ ಸೈಕಲ್ ಒಂದು ಕ್ಷಣ ಹಿಂದಕ್ಕೆ ಬಂದಂತಾಗುತ್ತದೆ. ಹಿಂದಿನವರ ಚಕ್ರ ಹತ್ತಿರ ಇದ್ದರೆ ತಾಗಿಬಿಡುತ್ತದೆ. ಏಳುವ ಮೊದಲು ಒಂದು ಗೇರು ಭಾರ ಮಾಡಿ, ಪೆಡಲನ್ನು ಒತ್ತುತ್ತಲೇ ಏಳಿ. ಇದು ಸಣ್ಣ ವಿಷಯ ಎನಿಸುತ್ತದೆ, ಆದರೆ ಇದನ್ನು ಹೇಳಿಕೊಡುವವರು ಕಡಿಮೆ.

ತಿನ್ನುವುದು, ಕುಡಿಯುವುದು

ಒಂದು ಸವಾರಿಯಲ್ಲಿ ನಾನು ಸ್ವೀಪ್ ಆಗಿದ್ದೆ. ಬೆಳಿಗ್ಗೆಯಿಂದ ಎಲ್ಲರನ್ನೂ ಮಾತನಾಡಿಸುತ್ತಿದ್ದ ಒಬ್ಬರು 70ನೇ ಕಿಲೋಮೀಟರ್ ಹೊತ್ತಿಗೆ ಮೌನವಾದರು. ಆಮೇಲೆ ಸಣ್ಣ ಏರಿನಲ್ಲಿ ಸೈಕಲ್ ಓಲಾಡತೊಡಗಿತು. "ಏನಾಯ್ತು?" ಎಂದರೆ "ಏನಿಲ್ಲ, ಹೋಗೋಣ" ಎಂದರು, ಆದರೆ ಕಣ್ಣು ಎಲ್ಲೋ ಇತ್ತು. ಇಳಿಸಿ ಮರದ ಕೆಳಗೆ ಕೂರಿಸಿದೆ. ಜೇಬು ನೋಡಿದರೆ ಬೆಳಿಗ್ಗೆ ಕೊಟ್ಟ ಬಾಳೆಹಣ್ಣು ಹಾಗೇ ಇದ್ದವು. ಹಸಿವೇ ಆಗಿರಲಿಲ್ಲವಂತೆ. ಎರಡು ಹಣ್ಣು, ಸಕ್ಕರೆ ಕದಡಿದ ನೀರು, 20 ನಿಮಿಷ ವಿಶ್ರಾಂತಿ. ಮತ್ತೆ ಮಾತು ಶುರುವಾಯಿತು, ಅವರು ಕೊನೆಯವರೆಗೂ ತುಳಿದರು.

ಸೈಕಲ್ ಮಂದಿ ಇದನ್ನು ಬಾಂಕ್ ಎನ್ನುತ್ತಾರೆ. ಸ್ನಾಯು ಮತ್ತು ಯಕೃತ್ತಿನಲ್ಲಿ ದೇಹ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಜೋರಾಗಿ ತುಳಿದರೆ ಎರಡು ಗಂಟೆಯ ಸುತ್ತಮುತ್ತ ಖಾಲಿಯಾಗುತ್ತಾ ಬರುತ್ತದೆ. ನಂತರ ಕಾಲು ಮಾತ್ರವಲ್ಲ, ತಲೆಯೂ ಓಡುವುದಿಲ್ಲ. ಹಸಿವಾಗುವವರೆಗೆ ಕಾದರೆ ತಡವಾಯಿತು ಎಂದೇ ಲೆಕ್ಕ.

ಹೊರಟ 30-40 ನಿಮಿಷದಿಂದಲೇ ತಿನ್ನಲು ಶುರು ಮಾಡಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಹಾಗಾಗಿ ಗಂಟೆಗೆ ಎರಡು ಹಣ್ಣು, ಇಲ್ಲವೇ ಅದಕ್ಕೆ ಸಮನಾದ ಬ್ರೆಡ್ಡು, ಖರ್ಜೂರ, ಬಿಸ್ಕೆಟ್ ಸಾಕು. ಒಮ್ಮೆಲೇ ತಿನ್ನಬೇಡಿ. ವಾಚಿನಲ್ಲಿ 20 ನಿಮಿಷಕ್ಕೊಮ್ಮೆ ಅಲಾರಂ ಇಟ್ಟುಕೊಂಡು ಎರಡು ತುತ್ತು ತಿನ್ನಿ. ಗುಂಪಿನ ನಡುವೆ ಒಂದು ಕೈಯಲ್ಲಿ ಸಿಪ್ಪೆ ಸುಲಿಯುವ ಸಾಹಸ ಬೇಡ. ಸಾಲಿನ ಹಿಂದೆ ಹೋಗಿ ತಿನ್ನಿ. ಸಿಪ್ಪೆ, ಕಾಗದ ರಸ್ತೆಗೆ ಎಸೆಯಬೇಡಿ, ಜೇಬಿಗೆ ಹಾಕಿ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಎಂದಿಟ್ಟುಕೊಳ್ಳಿ. ಬಿಸಿಲು ಜಾಸ್ತಿ ಇದ್ದರೆ, ತುಂಬ ಬೆವರುವವರಾದರೆ ಇನ್ನೂ ಸ್ವಲ್ಪ ಬೇಕಾಗುತ್ತದೆ. ಎರಡು ಬಾಟಲಿ ಇರಲಿ: ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್ ಅಥವಾ ಉಪ್ಪಿನ ಅಂಶ ಇರುವ ಪಾನೀಯ. ಬೆವರಿನಲ್ಲಿ ಸೋಡಿಯಂ ಹೋಗುತ್ತದೆ. ಅದನ್ನು ಮರೆತು ದಿನವಿಡೀ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ಅಪಾಯವಾಗಬಹುದು. ತಲೆನೋವು, ವಾಕರಿಕೆ, ಬೆರಳು ಊದಿ ಉಂಗುರ ಬಿಗಿಯಾಗುವುದು ಇದರ ಸೂಚನೆಗಳು. ಆಗ ಇನ್ನಷ್ಟು ನೀರು ಕುಡಿಸಬೇಡಿ, ವೈದ್ಯರಿಗೆ ತೋರಿಸಿ. ಸಾಮಾನ್ಯ ದಿನದಲ್ಲಿ ಮೂತ್ರದ ಬಣ್ಣವೇ ಅಳತೆ. ತಿಳಿ ಹಳದಿ ಇದ್ದರೆ ಸರಿ ಇದೆ, ಕಡು ಹಳದಿ ಇದ್ದರೆ ಕುಡಿದದ್ದು ಸಾಲದು.

ನಿಲುಗಡೆಯಲ್ಲಿ

25-30 ಕಿ.ಮೀ.ಗೊಂದು ನಿಲುಗಡೆ ಇರುತ್ತದೆ. ಸೈಕಲನ್ನು ರಸ್ತೆಯಿಂದ ಪೂರ್ತಿ ಆಚೆ ತನ್ನಿ. ಮೊದಲು ಬಾಟಲಿ ತುಂಬಿಸಿ, ಆಮೇಲೆ ಶೌಚಾಲಯ, ಆಮೇಲೆ ತಿಂಡಿ. ಫೋಟೋ ಕೊನೆಗೆ. ಈ ಕ್ರಮ ತಪ್ಪಿದರೆ ಹೊರಡುವ ಹೊತ್ತಿಗೆ ಬಾಟಲಿ ಖಾಲಿ ಇರುತ್ತದೆ. 15 ನಿಮಿಷಕ್ಕಿಂತ ಜಾಸ್ತಿ ಕೂರಬೇಡಿ, ಕಾಲು ಬಿಗಿಯುತ್ತದೆ. ಹೊರಡುವ ಮೊದಲು ನೀರು ಕೊಡುತ್ತಿರುವ ಸ್ವಯಂಸೇವಕರಿಗೆ ಎರಡು ಒಳ್ಳೆಯ ಮಾತು ಹೇಳಿ. ಅವರು ನಿಮಗಿಂತ ಮೊದಲು ಎದ್ದಿದ್ದಾರೆ, ನಿಮಗಿಂತ ತಡವಾಗಿ ಮಲಗುತ್ತಾರೆ.

ಕೊನೆಗೆ ಬರುವವರ ಬಗ್ಗೆ ಒಂದು ಮಾತು. ಮುಂದಿನವರು 20 ನಿಮಿಷ ವಿಶ್ರಾಂತಿ ಮಾಡಿ, ಹಿಂದಿನವರು ಬಂದ ಕೂಡಲೇ "ಹೊರಡೋಣ" ಎನ್ನುತ್ತಾರೆ. ವಿಶ್ರಾಂತಿ ಯಾರಿಗೆ ಜಾಸ್ತಿ ಬೇಕೋ ಅವರಿಗೇ ಸಿಗುವುದಿಲ್ಲ. ಈ ದೃಶ್ಯ ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಕೊನೆಯವರು ಬಂದು ಹತ್ತು ನಿಮಿಷ ಆದ ಮೇಲೇ ಹೊರಡುವುದು ಎಂದು ಬೆಳಿಗ್ಗೆಯೇ ಮಾತಾಡಿಕೊಳ್ಳಿ.

ಏರು, ಇಳಿಜಾರು

ಏರಿನಲ್ಲಿ ಎಲ್ಲರೂ ಅವರವರ ವೇಗದಲ್ಲಿ ಹತ್ತಲಿ, ಮೇಲೆ ಸುರಕ್ಷಿತ ಜಾಗದಲ್ಲಿ ಒಟ್ಟಾಗಿ. ಗೇರನ್ನು ಏರು ಕಡಿದಾಗುವ ಮೊದಲೇ ಇಳಿಸಿ. ತಳ್ಳಿಕೊಂಡು ನಡೆದರೂ ತಪ್ಪಿಲ್ಲ.

ಇಳಿಜಾರಿನಲ್ಲಿ ಅಂತರ ನಾಲ್ಕೈದು ಸೈಕಲ್ಲಿನಷ್ಟು ಇರಲಿ. ತಿರುವಿಗೆ ಮೊದಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕ್ ಹಿಡಿಯಬೇಡಿ. ತಿರುವಿನ ಹೊರಗಿನ ಪೆಡಲ್ ಕೆಳಗಿರಲಿ. ಮಳೆ ಬಂದಾಗ ರಸ್ತೆಯ ಬಿಳಿ ಗೆರೆ, ಕಬ್ಬಿಣದ ಮುಚ್ಚಳ, ಬಿದ್ದ ಎಲೆಗಳ ಮೇಲೆ ತಿರುಗಿಸಬೇಡಿ. ರೈಲು ಹಳಿಯನ್ನು ಯಾವಾಗಲೂ ನೇರ ಅಡ್ಡಲಾಗಿ ದಾಟಿ.

ಪಂಕ್ಚರ್ ಆದರೆ

"ಪಂಕ್ಚರ್" ಎಂದು ಕೂಗಿ, ಕೈ ಎತ್ತಿ, ನಿಧಾನವಾಗಿ ಬದಿಗೆ ಬನ್ನಿ. ಒಬ್ಬರೋ ಇಬ್ಬರೋ ಜೊತೆಗೆ ನಿಂತರೆ ಸಾಕು, ಉಳಿದವರು ಮುಂದಿನ ಸುರಕ್ಷಿತ ಜಾಗದಲ್ಲಿ ಕಾಯಲಿ. ಎರಡು ಟ್ಯೂಬ್, ಎರಡು ಟೈರ್ ಲಿವರ್, ಪಂಪು, ಪ್ಯಾಚು, ಸಣ್ಣ ಟೂಲ್ ನಿಮ್ಮದೇ ಇರಲಿ.

ಹೊಸ ಟ್ಯೂಬ್ ಹಾಕುವ ಆತುರದಲ್ಲಿ ಒಂದು ಕೆಲಸ ಬಿಟ್ಟುಹೋಗುತ್ತದೆ. ಹಳೆಯದನ್ನು ಚುಚ್ಚಿದ್ದು ಏನು ಎಂದು ಹುಡುಕುವುದಿಲ್ಲ. ಟೈರಿನ ಒಳಭಾಗದಲ್ಲಿ ಬೆರಳನ್ನು ಎಚ್ಚರಿಕೆಯಿಂದ ಆಡಿಸಿ, ಮುಳ್ಳು ತೆಗೆಯಿರಿ. ಇಲ್ಲದಿದ್ದರೆ ಐದು ನಿಮಿಷದಲ್ಲಿ ಎರಡನೇ ಟ್ಯೂಬೂ ಹೋಗುತ್ತದೆ. ಹೊಸ ಟ್ಯೂಬಿಗೆ ಮೊದಲು ಸ್ವಲ್ಪ ಗಾಳಿ ತುಂಬಿ ದುಂಡಗಾದ ಮೇಲೆ ಒಳಗೆ ಕೂರಿಸಿ, ಆಗ ಅದು ಮಡಚಿಕೊಳ್ಳುವುದಿಲ್ಲ. ಟೈರ್ ಮತ್ತು ರಿಮ್ ನಡುವೆ ಎಲ್ಲೂ ಸಿಕ್ಕಿಕೊಂಡಿಲ್ಲ ಎಂದು ಸುತ್ತಲೂ ನೋಡಿದ ಮೇಲೇ ಪೂರ್ತಿ ಗಾಳಿ ಹಾಕಿ.

ಮಧ್ಯಾಹ್ನದ ಗಂಟೆಗಳು, ಗಾಡಿ ಹತ್ತುವ ತೀರ್ಮಾನ

70ರಿಂದ 95 ಕಿ.ಮೀ. ನಡುವೆ ಮಾತು ನಿಲ್ಲುತ್ತದೆ. ದೇಹ ಒಂದೊಂದೇ ದೂರು ಹೇಳುತ್ತದೆ. ಎಲ್ಲ ನೋವೂ ಒಂದೇ ಅಲ್ಲ, ಬೇರೆ ಬೇರೆಯಾಗಿ ಕೇಳಿಸಿಕೊಳ್ಳಬೇಕು.

ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದರೆ ಅಂಗೈಯಲ್ಲಿ ಹಾದುಹೋಗುವ ನರದ ಮೇಲೆ ಒತ್ತಡ ಬಿದ್ದಿದೆ. ಐದು ನಿಮಿಷಕ್ಕೊಮ್ಮೆ ಹಿಡಿತದ ಜಾಗ ಬದಲಿಸಿ, ಮೊಣಕೈ ಸ್ವಲ್ಪ ಮಡಚಿ, ಭುಜ ಸಡಿಲ ಬಿಡಿ. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಿರಬಹುದು, ಹಿಂಭಾಗ ನೋಯುತ್ತಿದ್ದರೆ ಎತ್ತರ ಇರಬಹುದು. ಪೆಡಲ್ ಅತಿ ಕೆಳಗಿದ್ದಾಗ ಮೊಣಕಾಲು 25ರಿಂದ 35 ಡಿಗ್ರಿ ಮಡಚಿರಬೇಕು. ದಾರಿಯಲ್ಲಿ ಸೀಟು ಬದಲಿಸುವುದಾದರೆ ಒಂದು ಸಲಕ್ಕೆ ಎರಡು-ಮೂರು ಮಿಲಿಮೀಟರ್ ಮಾತ್ರ. ಕೂರುವ ಜಾಗದ ನೋವಿಗೆ ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ಕೆಲವು ಸುತ್ತು ತುಳಿಯಿರಿ.

ಬಿಸಿಲಿನ ವಿಷಯದಲ್ಲಿ ತಮಾಷೆ ಬೇಡ. ತಲೆಸುತ್ತು, ವಾಕರಿಕೆ, ಬಿಸಿಲಲ್ಲೂ ಚಳಿ ಬಂದಂತಾಗುವುದು ಕಂಡರೆ ನಿಲ್ಲಿಸಿ, ನೆರಳಿಗೆ ಬಂದು, ಹೆಲ್ಮೆಟ್ ತೆಗೆದು, ತಲೆ ಕತ್ತಿಗೆ ನೀರು ಹಾಕಿ. ಯಾರಾದರೂ ಅಸಂಬದ್ಧ ಮಾತನಾಡಿದರೆ, ಎಲ್ಲಿದ್ದೇನೆ ಎಂದು ತಿಳಿಯದಿದ್ದರೆ, ಅದು ಶಾಖಾಘಾತ ಇರಬಹುದು. ಬೆವರು ಸುರಿಯುತ್ತಿದ್ದರೂ ಹೀಗಾಗಬಹುದು. ಆಂಬುಲೆನ್ಸ್ ಕರೆಯಿರಿ. ಅದು ಬರುವವರೆಗೆ ಸಿಕ್ಕಿದಷ್ಟು ತಣ್ಣೀರನ್ನು ಮೈಮೇಲೆಲ್ಲ ಸುರಿಯುತ್ತಾ, ಗಾಳಿ ಬೀಸುತ್ತಾ ಇರಿ. ಮೈ ತಣಿಸುವುದು ಒಂದು ನಿಮಿಷವೂ ತಡವಾಗಬಾರದು.

ಯಾರಾದರೂ ಬಿದ್ದರೆ ಮೊದಲು ಇಬ್ಬರು ಮುಂದೆ ಹಿಂದೆ ನಿಂತು ವಾಹನಗಳನ್ನು ನಿಧಾನಗೊಳಿಸಿ. ಬಿದ್ದವರನ್ನು ಎಳೆದು ಎಬ್ಬಿಸಬೇಡಿ. ಕತ್ತು, ಬೆನ್ನು ನೋವು ಎಂದರೆ ಅಲುಗಾಡಿಸಬೇಡಿ. ತಲೆಗೆ ಪೆಟ್ಟಾದವರು "ನಾನು ಚೆನ್ನಾಗಿದ್ದೇನೆ" ಎಂದರೂ ಅವತ್ತು ಮತ್ತೆ ಸೈಕಲ್ ಹತ್ತುವಂತಿಲ್ಲ. ಪೆಟ್ಟು ತಿಂದ ಹೆಲ್ಮೆಟ್ಟನ್ನೂ ಮತ್ತೆ ಬಳಸುವಂತಿಲ್ಲ, ಬಿರುಕು ಕಾಣದಿದ್ದರೂ ಅಷ್ಟೇ.

ಈಗ ಗಾಡಿಯ ಮಾತು. ಎದೆನೋವು, ತಲೆಗೆ ಪೆಟ್ಟು, ಗೊಂದಲ, ನಿಲ್ಲದ ವಾಂತಿ ಇದ್ದರೆ ಯೋಚಿಸುವ ಪ್ರಶ್ನೆಯೇ ಇಲ್ಲ, ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಇವುಗಳ ಜೊತೆಗೆ ಇನ್ನೊಂದು ಸೂಚನೆ ಇದೆ: ನೋವು ತಪ್ಪಿಸಿಕೊಳ್ಳಲು ತುಳಿಯುವ ರೀತಿಯನ್ನೇ ಬದಲಿಸಿಕೊಂಡಿದ್ದರೆ, ಒಂದೇ ಕಾಲಿನಲ್ಲಿ ಬಲ ಹಾಕುತ್ತಿದ್ದರೆ, ಇವತ್ತಿಗೆ ಸಾಕು. 30 ಕಿ.ಮೀ. ಗಾಡಿಯಲ್ಲಿ ಹೋದರೆ ನಾಳೆ 100 ಕಿ.ಮೀ. ತುಳಿಯಬಹುದು. ಹಟ ಮಾಡಿ ತುಳಿದರೆ ನಾಳೆಯೂ ಇಲ್ಲ, ನಾಡಿದ್ದೂ ಇಲ್ಲ. ದುಡ್ಡು ಕೊಟ್ಟವರಿಗೆ ಇದನ್ನು ಹೇಳಿದರೆ ಅವರಿಗೆ ಅರ್ಥವಾಗುತ್ತದೆ. ಒಬ್ಬರೂ ವಾಪಸ್ ಕೇಳಿದ್ದನ್ನು ನಾನು ನೋಡಿಲ್ಲ.

ಕೊನೆಯ 15 ಕಿ.ಮೀ.

ಊರು ಹತ್ತಿರವಾದಾಗ ಗುಂಪಿಗೆ ಮತ್ತೆ ರೆಕ್ಕೆ ಬರುತ್ತದೆ, ಎಲ್ಲರೂ ವೇಗ ಏರಿಸುತ್ತಾರೆ. ಗಮನ ಕಡಿಮೆ, ವಾಹನ ಜಾಸ್ತಿ, ಕೈಕಾಲು ನಿಧಾನ. ಬೀಳುವುದು ಇಲ್ಲೇ. 95ನೇ ಕಿಲೋಮೀಟರಿನಲ್ಲಿ ಹಸಿವಿಲ್ಲದಿದ್ದರೂ ಒಂದು ತಿನಿಸು ತಿನ್ನಿ. ಅಂತರ ಇನ್ನೊಂದು ಮೀಟರ್ ಹೆಚ್ಚಿಸಿ. ತಲುಪುವ ಜಾಗಕ್ಕೆ ಎರಡು ಕಿ.ಮೀ. ಮುಂಚೆ ನಿಂತು, ಕೊನೆಯವರು ಬರುವವರೆಗೆ ಕಾಯಿರಿ. ಅವರನ್ನು ಮುಂದೆ ಬಿಟ್ಟು ಒಟ್ಟಿಗೆ ಒಳಗೆ ಬನ್ನಿ. ಬೆಳಿಗ್ಗೆಯಿಂದ ಬೇರೆಯವರ ಬೆನ್ನನ್ನೇ ನೋಡುತ್ತಾ ಬಂದವರ ಮುಖ ಆಗ ಹೇಗಿರುತ್ತದೆ ಎಂದು ನೀವೇ ನೋಡಬೇಕು.

ತಲುಪಿದ ಮೇಲೆ

ಮೊದಲು ಶಾರ್ಟ್ಸ್ ಬದಲಿಸಿ. ಬೆವರಿನ ಪ್ಯಾಡಿನಲ್ಲೇ ಕೂತು ಹರಟುವುದು ಕುರು ಏಳಲು ಸುಲಭದ ದಾರಿ. ಸ್ನಾನ ಮಾಡಿ, ಆ ಜಾಗವನ್ನು ಚೆನ್ನಾಗಿ ಒಣಗಿಸಿ, ಸಡಿಲ ಬಟ್ಟೆ ಹಾಕಿಕೊಳ್ಳಿ. ಕೆಂಪಾಗಿದ್ದರೆ ಇವತ್ತೇ ನೋಡಿಕೊಳ್ಳಿ, ನಾಳೆಗೆ ಬಿಡಬೇಡಿ. ಶಾರ್ಟ್ಸನ್ನು ಅವತ್ತೇ ಒಗೆದು, ಒಳಮೈ ಹೊರಗೆ ಮಾಡಿ ಒಣಹಾಕಿ.

ಒಂದು ಗಂಟೆಯೊಳಗೆ ಊಟ ಮಾಡಿ. ಖಾಲಿಯಾದ ಸಕ್ಕರೆಯನ್ನು ತುಂಬಲು ಅನ್ನ, ಬ್ರೆಡ್ಡಿನಂಥದ್ದು ಧಾರಾಳವಾಗಿ ಬೇಕು. ಸ್ನಾಯುವಿನ ದುರಸ್ತಿಗೆ 20-25 ಗ್ರಾಂ ಪ್ರೋಟೀನ್ ಬೇಕು. ಆಮೇಲೆ ಹತ್ತು ನಿಮಿಷ ಸುಮ್ನೆ ನಡೆದಾಡಿ. ಸೈಕಲ್ಲಿನಲ್ಲಿ ಇವತ್ತು ಕೇಳಿಸಿದ ಹೊಸ ಸದ್ದನ್ನು ಮೆಕ್ಯಾನಿಕ್‌ಗೆ ಈಗಲೇ ಹೇಳಿ. ಬೆಳಿಗ್ಗೆ ಅವರ ಮುಂದೆ ಸಾಲು ಇರುತ್ತದೆ.

ಸಂಜೆ ಹತ್ತು ನಿಮಿಷ ದೇಣಿಗೆ ಕೊಟ್ಟವರಿಗಾಗಿ ಇಡಿ. ಇವತ್ತು ಎಷ್ಟು ದೂರ, ದಾರಿಯಲ್ಲಿ ಏನಾಯಿತು, ಈ ದುಡ್ಡು ಯಾವ ಕೆಲಸಕ್ಕೆ ಹೋಗುತ್ತದೆ ಎಂದು ನಾಲ್ಕು ಸಾಲು ಬರೆಯಿರಿ. ಗಾಡಿ ಹತ್ತಿದ್ದರೆ ಅದನ್ನೂ ಬರೆಯಿರಿ. ಯಾರಿಗಾಗಿ ಹಣ ಕೂಡಿಸುತ್ತಿದ್ದೀರೋ ಅವರ ಫೋಟೋ, ಕಾಯಿಲೆ, ಹೆಸರನ್ನು ಅವರ ಒಪ್ಪಿಗೆ ಇಲ್ಲದೆ ಹಾಕಬೇಡಿ. ಅವರ ಕಷ್ಟದ ಬಗ್ಗೆ ಹೇಳುವ ಹಕ್ಕು ಅವರದು.

ದಾರಿಯಲ್ಲಿ ಯಾರಾದರೂ ಕೈಗೆ ನೋಟು ಕೊಟ್ಟಿದ್ದರೆ ಅದನ್ನು ನಿಮ್ಮ ಪರ್ಸಿನ ದುಡ್ಡಿನ ಜೊತೆ ಬೆರೆಸಬೇಡಿ. ಬೇರೆ ಕವರಿನಲ್ಲಿಟ್ಟು, ಕೊಟ್ಟವರ ಹೆಸರು, ಫೋನ್ ನಂಬರು, ಎಷ್ಟು ಎಂದು ಬರೆದು, ಅವತ್ತೇ ರಾತ್ರಿ ಆಯೋಜಕರಿಗೆ ಒಪ್ಪಿಸಿ, ರಸೀದಿ ಅವರಿಗೆ ತಲುಪುವಂತೆ ನೋಡಿಕೊಳ್ಳಿ. ಐವತ್ತಾದರೂ ಅಷ್ಟೇ, ಐದು ಸಾವಿರವಾದರೂ ಅಷ್ಟೇ.

ಬಾಟಲಿಗಳನ್ನು ತೊಳೆದು ತಲೆಕೆಳಗಾಗಿ ಇಡಿ. ಲೈಟು, ಫೋನು ಚಾರ್ಜಿಗೆ ಹಾಕಿ. ಹ್ಯಾಂಡಲ್ ಮೇಲಿನ ಇವತ್ತಿನ ಚೀಟಿ ಕಿತ್ತು, ನಾಲ್ಕನೇ ದಿನದ ಚೀಟಿ ಬರೆದು ಅಂಟಿಸಿ. ಇವತ್ತು ಕೊನೆಗೆ ಬಂದವರ ರೂಮಿಗೆ ಒಮ್ಮೆ ಹೋಗಿ, "ನಾಳೆ ನನ್ನ ಹಿಂದೆ ಬನ್ನಿ, ಗಾಳಿ ನಾನು ನೋಡಿಕೊಳ್ಳುತ್ತೇನೆ" ಎಂದು ಹೇಳಿ ಬನ್ನಿ. ಆಮೇಲೆ ಅಲಾರಂ ಇಟ್ಟು ಮಲಗಿ.